ತಲೆ ಹಾರಿದ ಸ್ಕ್ರೂ

ಭಾನುವಾರ ಬೆಳಿಗ್ಗೆ ಹಾರಿಸಬೇಕಾದ ಮಾದರಿ ವಿಮಾನದ ಸ್ಕ್ರೂಗಳನ್ನು ಶನಿವಾರ ರಾತ್ರಿ ಕೂತು ಬಿಗಿ ಮಾಡುವುದು ಈ ಹುಚ್ಚು ಹಿಡಿದವರ ಚಟ. ಮುಂದಿನ ಚಕ್ರ ಕೊಂಚ ಅಲುಗಿದಂತೆ ಕಂಡಿತು. 'ಇನ್ನರ್ಧ ಸುತ್ತು, ಅಷ್ಟೇ' ಎಂದು ತಿರುಗಿಸಿದೆ. ಟಕ್! ಸ್ಕ್ರೂಡ್ರೈವರಿನ ಅಯಸ್ಕಾಂತದ ತುದಿಗೆ ಅಂಟಿಕೊಂಡು ತಲೆಯೊಂದೇ ಈಚೆ ಬಂತು. ಎರಡು ಮಿಲಿಮೀಟರ್ ದಪ್ಪದ ಮುಂಡ ಪ್ಲಾಸ್ಟಿಕ್ಕಿನೊಳಗೇ ಕೂತಿತು, ಮೇಲ್ಮೈಗೆ ಸಮನಾಗಿ, ಉಗುರಿಗೂ ಸಿಗದಂತೆ.

ಇಂಥ ಸ್ಕ್ರೂಗಳಿಗೆ ನಟ್ಟಿನ ಆಸರೆ ಇರುವುದಿಲ್ಲ. ಪ್ಲಾಸ್ಟಿಕ್ಕನ್ನು ಕೊರೆದು ತಮ್ಮ ಥ್ರೆಡ್ಡನ್ನು ತಾವೇ ಮಾಡಿಕೊಂಡು ಒಳಹೋಗುತ್ತವೆ. ತೂತು ಸ್ವಲ್ಪ ಕಿರಿದಾಗಿದ್ದರೆ ತಿರುಚುವ ಬಲವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಅದರ ಮೇಲೆ ಎಂಜಿನ್ನಿನ ನಡುಕ ಬೇರೆ.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ: ಡ್ರಿಲ್ ಹಿಡಿದೆ. ಸ್ಕ್ರೂ ಉಕ್ಕಿನದು, ಸುತ್ತಲಿನದು ಮೆತ್ತನೆಯದು. ಬಿಟ್ ಗಟ್ಟಿ ಜಾಗ ಬಿಟ್ಟು ಮೆತ್ತನೆಯ ಕಡೆಗೆ ಜಾರಿ, ಪಕ್ಕದಲ್ಲೇ ಇನ್ನೊಂದು ಗಾಯ ಮಾಡಿತು. ತುಕ್ಕು ಬಿಡಿಸುವ ಎಣ್ಣೆಯೂ ಇಲ್ಲಿ ದಂಡ, ತುಕ್ಕೇ ಹಿಡಿದಿಲ್ಲವಲ್ಲ! ಸ್ಕ್ರೂ ಸಡಿಲವಾಗದಿರಲೆಂದು ಹಾಕುವ ದ್ರವವಂತೂ ಎಬಿಎಸ್, ಪಾಲಿಕಾರ್ಬೊನೇಟ್‌ನಂಥ ಪ್ಲಾಸ್ಟಿಕ್ಕಿನ ಮೇಲೆ ಬಿದ್ದರೆ ಬಿರುಕು ಬರಬಹುದು. ಅದು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ ಬಳಸುವಂಥದ್ದು.

ದಾರಿ ತೋರಿಸಿದವರು ನಮ್ಮ ಬೀದಿಯ ಮೊಬೈಲ್ ರಿಪೇರಿಯವರು. "ಬಲ ಹಾಕ್ಬೇಡಿ ಸಾರ್, ಬಿಸಿ ಮಾಡಿ" ಎಂದರು. ಮೊದಲು ಚೂಪು ಬ್ಲೇಡಿನಿಂದ ಮುಂಡದ ಸುತ್ತ ಒಂದೂವರೆ ಮಿಲಿಮೀಟರ್ ಆಳಕ್ಕೆ ಪ್ಲಾಸ್ಟಿಕ್ ಕೆರೆದು, ಇಕ್ಕಳಕ್ಕೆ ಕತ್ತು ಸಿಗುವಂತೆ ಮಾಡಿದರು. ಆಮೇಲೆ ಬೆಸುಗೆ ಹಾಕುವ ಕಾದ ಐರನ್ನಿನ ತುದಿಯನ್ನು ಸ್ಕ್ರೂವಿಗೆ ಮಾತ್ರ ತಾಗಿಸಿ, ಮನಸ್ಸಿನಲ್ಲೇ ಐದು ಎಣಿಸಿ ತೆಗೆದರು. ಎಬಿಎಸ್ ಸುಮಾರು ನೂರು ಡಿಗ್ರಿ ದಾಟುತ್ತಲೇ ಮೆತ್ತಗಾಗುತ್ತದೆ, ಐರನ್ನಿನ ತುದಿಯಲ್ಲಿ ಮುನ್ನೂರರ ಮೇಲಿರುತ್ತದೆ. ಹಾಗಾಗಿ ಒಂದೇ ಸಲಕ್ಕೆ ಬಹಳ ಹೊತ್ತು ಹಿಡಿಯುವುದಕ್ಕಿಂತ ಎರಡು ಮೂರು ಸಲ ತಾಗಿಸುವುದು ವಾಸಿ. ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ.

ಬಿಸಿಯಾದ ಕೂಡಲೇ ಎಳೆಯುವ ಆಸೆಯಾಗುತ್ತದೆ. ಎಳೆದರೆ ಸ್ಕ್ರೂ ಬರುತ್ತದೆ, ಜೊತೆಗೆ ಥ್ರೆಡ್ಡೂ ಹೋಗುತ್ತದೆ. ಇಕ್ಕಳದಲ್ಲಿ ಕಚ್ಚಿಸಿ ಎಡಕ್ಕೆ ನಿಧಾನವಾಗಿ ತಿರುಗಿಸಬೇಕು. ತೂತು ಆರಪಾರವಾಗಿದ್ದರೆ ಹಿಂದಿನಿಂದ ಮೊನೆ ಹಿಡಿದು ತಿರುಗಿಸುವುದು ಇನ್ನೂ ಸಲೀಸು; ಅದನ್ನು ನೋಡಿಕೊಳ್ಳದೆಯೇ ಬ್ಲೇಡು ಹಿಡಿಯುವವರೇ ಹೆಚ್ಚು.

ರೆಕ್ಕೆ ಕಟ್ಟುವ ನೈಲಾನ್ ಬೋಲ್ಟಿನ ಕಥೆ ಬೇರೆ. ಅದು ಮುರಿಯಲೆಂದೇ ಇರುವುದು. ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಬೋಲ್ಟ್ ತುಂಡಾದರೆ ರೆಕ್ಕೆ ಉಳಿಯುತ್ತದೆ. ಅದನ್ನು ಉಕ್ಕಿನ ಬೋಲ್ಟಿಗೆ ಬದಲಿಸುವ ಜಾಣರು ಆಮೇಲೆ ರೆಕ್ಕೆ ಕೊಳ್ಳುತ್ತಾರೆ. ತುಂಡು ಒಳಗುಳಿದರೆ ಹಳೆಯ ಚಪ್ಪಟೆ ಸ್ಕ್ರೂಡ್ರೈವರಿನ ತುದಿ ಕಾಯಿಸಿ ನೈಲಾನಿಗೆ ಒತ್ತಿ, ಗೀರು ಮೂಡಿಸಿ, ಪೂರ್ತಿ ಆರುವವರೆಗೆ ಹಾಗೇ ಬಿಟ್ಟು, ಎಡಕ್ಕೆ ತಿರುಗಿಸಿದರೆ ಸುಲಭವಾಗಿ ಬರುತ್ತದೆ.

ನನ್ನ ಸ್ಕ್ರೂ ಹೊರಬಂದರೂ ಡ್ರಿಲ್ ಮಾಡಿದ ಗಾಯದಿಂದ ತೂತು ಅಗಲವಾಗಿತ್ತು. ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿಯನ್ನು ಎಪಾಕ್ಸಿಯಲ್ಲಿ ಅದ್ದಿ ತುರುಕಿದೆ. ಅದು ಗಟ್ಟಿಯಾದ ಮೇಲೆ 1.6 ಮಿ.ಮೀ. ಬಿಟ್‌ನಿಂದ ಹೊಸ ತೂತು ಕೊರೆದರೆ 2 ಮಿ.ಮೀ. ಸ್ಕ್ರೂ ಹಿಡಿಯುತ್ತದೆ. ಥ್ರೆಡ್ ಉಳಿದಿರುವ ತೂತಾಗಿದ್ದರೆ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ. ಹಳೆಯ ಥ್ರೆಡ್ಡಿಗೆ 'ಟಿಕ್' ಎಂದು ಕೂತ ಮೇಲೆ ಬಲಕ್ಕೆ ತಿರುಗಿಸಿ, ಎರಡೇ ಬೆರಳಲ್ಲಿ.

ಆ ಭಾನುವಾರ ವಿಮಾನ ಹಾರಲಿಲ್ಲ. ಎಪಾಕ್ಸಿ ಆರಲು ಒಂದು ದಿನ ಬೇಕಿತ್ತು.