ಕೊಲ್ಲಿಯ ಏರಿ ಕಟ್ಟುವವರು ಯಾರು?

ಊರಿನಿಂದ ಅಪ್ಪ-ಅಮ್ಮ ಬಂದರೆಂದರೆ ಬೇ ಏರಿಯಾದ ನಮ್ಮೆಲ್ಲರ ಮನೆಯಲ್ಲೂ ಒಂದೇ ಪಟ್ಟಿ: ಗೋಲ್ಡನ್ ಗೇಟ್ ಸೇತುವೆ, ಸ್ಟ್ಯಾನ್‌ಫರ್ಡ್, ಲಿವರ್‌ಮೋರ್ ದೇವಸ್ಥಾನ, ಒಂದು ದಿನ ಮಾಂಟೆರೇ. ಸ್ಯಾನ್ ಹೋಸೆಯ ಉತ್ತರ ತುದಿಯ ಆಲ್ವಿಸೋ ಎಂಬ ಪುಟ್ಟ ಊರಿಗೆ ಕರೆದೊಯ್ಯುವವರು ಅಪರೂಪ. ಆದರೆ ನಮ್ಮ ಮನೆ-ಮಠಗಳ ಮುಂದಿನ ಐವತ್ತು ವರ್ಷಗಳ ಕಥೆ ತಿಳಿಯಬೇಕಾದರೆ ನೋಡಬೇಕಾದ ಜಾಗ ಅದೇ.

ಆಲ್ವಿಸೋ ಇರುವುದು ಸಮುದ್ರ ಮಟ್ಟಕ್ಕಿಂತ ಕೆಳಗೆ. ಈ ಕಣಿವೆ ಹಣ್ಣಿನ ತೋಟಗಳಿಗೆ ಹೆಸರಾಗಿದ್ದ ಕಾಲದಲ್ಲಿ ಬಾವಿಗಳಿಂದ ಎಗ್ಗಿಲ್ಲದೆ ನೀರೆತ್ತಿದರು, ನೆಲವೇ ಕುಸಿಯಿತು. ಸ್ಯಾನ್ ಹೋಸೆಯ ಪೇಟೆ ಭಾಗ 1960ರ ದಶಕದ ಕೊನೆಯ ಹೊತ್ತಿಗೆ ಸುಮಾರು 13 ಅಡಿ ಇಳಿದಿತ್ತು. ಹೊರಗಿನಿಂದ ನೀರು ತಂದು, ಅಂತರ್ಜಲವನ್ನು ಮತ್ತೆ ತುಂಬಿಸಿದ ಮೇಲೆ ಕುಸಿತವೇನೋ ನಿಂತಿತು. ಇಳಿದ ನೆಲ ಮೇಲೇಳಲಿಲ್ಲ. 1983ರಲ್ಲಿ ಆಲ್ವಿಸೋ ಪ್ರವಾಹದಲ್ಲಿ ಮುಳುಗಿತು.

ಇತ್ತ ನೆಲ ಇಳಿದರೆ ಅತ್ತ ನೀರು ಏರುತ್ತಿದೆ. ಗೋಲ್ಡನ್ ಗೇಟ್ ಬಳಿ 1854ರಿಂದಲೂ ಸಮುದ್ರದ ಮಟ್ಟವನ್ನು ಅಳೆಯುತ್ತ ಬಂದಿದ್ದಾರೆ. ಕಳೆದ ನೂರು ವರ್ಷಗಳಲ್ಲಿ ಅದು ಸುಮಾರು 8 ಇಂಚು ಏರಿದೆ. ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ 2050ರ ಹೊತ್ತಿಗೆ ಇನ್ನೂ ಸುಮಾರು ಮುಕ್ಕಾಲು ಅಡಿಗಿಂತ ತುಸು ಹೆಚ್ಚು ಏರಬಹುದು. ಶತಮಾನದ ಕೊನೆಗೆ ಮೂರಡಿ, ಕೆಟ್ಟ ಕಾಲ ಬಂದರೆ ಆರಡಿಗೂ ಮೀರಬಹುದು.

"ನಮ್ಮ ಮನೆ ಗುಡ್ಡದ ಮೇಲಿದೆ, ನಮಗೇನು?" ಎನ್ನುವವರಿಗೆ ಒಂದು ಮಾತು. ಆಲ್ವಿಸೋದ ಪಕ್ಕದಲ್ಲೇ ಒಂದು ದೊಡ್ಡ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಸ್ಯಾನ್ ಹೋಸೆ, ಸ್ಯಾಂಟಾ ಕ್ಲಾರಾ, ಮಿಲ್ಪೀಟಸ್, ಕೂಪರ್‌ಟೀನೋ, ಸ್ಯಾರಟೋಗಾ ಸೇರಿ ಎಂಟು ಊರುಗಳ ಸುಮಾರು 14 ಲಕ್ಷ ಜನರ ಕೊಳಚೆ ಹರಿದು ಬರುವುದು ಇಲ್ಲಿಗೇ. ಈ ಘಟಕಕ್ಕೆ ಸಮುದ್ರದ ನೀರು ನುಗ್ಗಿದರೆ ಗುಡ್ಡದ ಮೇಲಿನ ಬಂಗಲೆಯ ಬಚ್ಚಲೂ ಕಟ್ಟಿಕೊಳ್ಳುತ್ತದೆ!

ಹಾಗಾದರೆ ಒಡ್ಡು ಕಟ್ಟಿದರಾಯಿತಲ್ಲ? ತೊಡಕು ಇರುವುದು ಇಲ್ಲೇ. ಒಂದು ಊರು ತನ್ನ ದಡಕ್ಕೆ ಗೋಡೆ ಕಟ್ಟಿಕೊಂಡರೆ, ಅಲ್ಲಿ ಹರಡಬೇಕಾಗಿದ್ದ ನೀರು ಕೊಲ್ಲಿಯ ಬೇರೆ ದಡಗಳ ಮಟ್ಟವನ್ನು ಹೆಚ್ಚಿಸಬಲ್ಲದೆಂದು ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ನಮಗೆ ಇದು ಹೊಸ ಪಾಠವಲ್ಲ. ಒಂದು ಕೆರೆಯ ಕೋಡಿ ಬಿದ್ದರೆ ಮುಂದಿನ ಕೆರೆಗೆ ನೀರು ಎಂಬುದು ನಮ್ಮ ಹಿರಿಯರ ವ್ಯವಸ್ಥೆ. ಆ ಸರಪಳಿಯ ಕೆರೆ-ಕಾಲುವೆಗಳನ್ನು ಒತ್ತುವರಿ ಮಾಡಿದ್ದರ ಫಲವನ್ನು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಐಟಿ ಬಡಾವಣೆಗಳು ಕಂಡವು. ನೀರಿಗೆ ಊರಿನ ಗಡಿ ಗೊತ್ತಿಲ್ಲ.

ಆದರೆ ಆಡಳಿತಕ್ಕೆ ಗಡಿಗಳೇ ಎಲ್ಲ. ಬೇ ಏರಿಯಾದಲ್ಲಿ 9 ಕೌಂಟಿಗಳು, 101 ನಗರ-ಪಟ್ಟಣಗಳು. ಇವುಗಳ ಜೊತೆಗೆ ನೀರಿನ ಮಂಡಳಿಗಳು, ರಾಜ್ಯದ ಇಲಾಖೆಗಳು, ಕೇಂದ್ರದ ಸೇನಾ ಎಂಜಿನಿಯರುಗಳು, ರೈಲು ಕಂಪನಿಗಳು, ಖಾಸಗಿ ಜಮೀನುದಾರರು. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವುದು ಹೇಗೆ? ಇದಕ್ಕೆ ಇಲ್ಲಿ ಮೂರು ದಾರಿಗಳನ್ನು ಕಂಡುಕೊಂಡಿದ್ದಾರೆ.

ಮೊದಲನೆಯದು, ಎಲ್ಲರಿಗೂ ಒಂದೇ ನಿಯಮ. ಇದರ ಬೇರು ಇರುವುದು 1961ರಲ್ಲಿ. ಆಗ ಕೊಲ್ಲಿಗೆ ಮಣ್ಣು, ಕಸ ಸುರಿದು ಜಾಗ ಮಾಡಿಕೊಳ್ಳುವುದೇ ಅಭಿವೃದ್ಧಿ ಎನಿಸಿತ್ತು. ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್ ಎಂಬ ಬರ್ಕ್ಲಿಯ ಮೂವರು ಮಹಿಳೆಯರು ಇದರ ವಿರುದ್ಧ ಎದ್ದು ನಿಂತು 'ಸೇವ್ ದ ಬೇ' ಎಂಬ ಸಂಘಟನೆ ಕಟ್ಟಿದರು. ಆ ಕೂಗಿಗೆ ರಾಜ್ಯ ಓಗೊಟ್ಟು 1965ರಲ್ಲಿ ಕೊಲ್ಲಿಗೇ ಒಂದು ಆಯೋಗವನ್ನು ರಚಿಸಿತು. ಅದರ 27 ಸದಸ್ಯರಲ್ಲಿ ಕೌಂಟಿಗಳು, ನಗರಗಳು, ರಾಜ್ಯ, ಕೇಂದ್ರ, ಸಾರ್ವಜನಿಕರು ಎಲ್ಲರ ಪ್ರತಿನಿಧಿಗಳೂ ಇದ್ದಾರೆ. 2023ರ ರಾಜ್ಯ ಕಾನೂನಿನ ಪ್ರಕಾರ ಕೊಲ್ಲಿಯ ದಡದ ಪ್ರತಿ ಊರೂ 2034ರೊಳಗೆ ತನ್ನ ರಕ್ಷಣಾ ಯೋಜನೆ ಸಿದ್ಧಪಡಿಸಬೇಕು. ಈ ಆಯೋಗ 2024ರ ಡಿಸೆಂಬರ್‌ನಲ್ಲಿ ಅದಕ್ಕೆ ಸಮಾನ ಮಾನದಂಡಗಳನ್ನು ಒಪ್ಪಿ ಹೊರಡಿಸಿತು. ಅಂದರೆ ಯೋಜನೆ ಆಯಾ ಊರಿನದು, ಅಳತೆಗೋಲು ಎಲ್ಲರದು.

ಎರಡನೆಯದು, ಎಲ್ಲರ ಹಣ. 2016ರ ಜೂನ್‌ನಲ್ಲಿ ಒಂಬತ್ತೂ ಕೌಂಟಿಗಳ ಮತದಾರರ ಮುಂದೆ ಒಂದೇ ಪ್ರಶ್ನೆ ಬಂತು: ಕೊಲ್ಲಿಯ ಜೌಗು ನೆಲಗಳ ಪುನಶ್ಚೇತನಕ್ಕಾಗಿ ಪ್ರತಿ ನಿವೇಶನಕ್ಕೆ ವರ್ಷಕ್ಕೆ 12 ಡಾಲರ್ ಕೊಡುತ್ತೀರಾ? ಮೂರನೇ ಎರಡರಷ್ಟು ಒಪ್ಪಿಗೆ ಬೇಕಿತ್ತು. ಸುಮಾರು ಶೇಕಡಾ 70ರಷ್ಟು ಜನ ಹೂಂ ಎಂದರು. 'ಮೆಷರ್ ಎಎ' ಎಂಬ ಈ ತೆರಿಗೆಯಿಂದ ವರ್ಷಕ್ಕೆ ಸುಮಾರು 2.5 ಕೋಟಿ ಡಾಲರಿನಂತೆ 20 ವರ್ಷ ಹಣ ಬರುತ್ತದೆ. ಸ್ವಂತ ಮನೆಯಿರುವ ನಮ್ಮಲ್ಲಿ ಹಲವರು ಇದನ್ನು ಪ್ರತಿ ವರ್ಷ ಕಟ್ಟುತ್ತಲೇ ಇದ್ದೇವೆ. ಆಸ್ತಿ ತೆರಿಗೆಯ ಬಿಲ್ಲಿನ ಒಂದು ಸಾಲಿನಲ್ಲಿ ಅದು ಅಡಗಿರುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಮೂರನೆಯದು, ಜೊತೆಗೂಡಿ ಕೆಲಸ. 2003ರಲ್ಲಿ ರಾಜ್ಯ, ಕೇಂದ್ರ ಮತ್ತು ಕೆಲವು ದತ್ತಿ ಸಂಸ್ಥೆಗಳು ಸೇರಿ ಕೊಲ್ಲಿಯ 15,100 ಎಕರೆ ಉಪ್ಪಿನ ಮಡಿಗಳನ್ನು ಖಾಸಗಿ ಕಂಪನಿಯಿಂದ ಪಡೆದವು. ಅವುಗಳಲ್ಲಿ ಒಂದೊಂದನ್ನೇ ಒಡೆದು ಭರತದ ನೀರನ್ನು ಒಳಬಿಡುತ್ತಿದ್ದಾರೆ. ನೀರಿನ ಜೊತೆ ಬಂದ ಮಣ್ಣು ನೆಲೆಯಾಗಿ, ಹುಲ್ಲು ಬೆಳೆದು ಜೌಗು ನೆಲವಾಗುತ್ತದೆ. ಆ ಹುಲ್ಲು ಅಲೆಯ ರಭಸವನ್ನು ತಗ್ಗಿಸುತ್ತದೆ. ಗಾಳಿಯ ಇಂಗಾಲವನ್ನು ಮಣ್ಣಿನಲ್ಲಿ ಹಿಡಿದಿಡುತ್ತದೆ. ಆಲ್ವಿಸೋದಲ್ಲಂತೂ ಸೇನಾ ಎಂಜಿನಿಯರುಗಳು, ಸ್ಯಾಂಟಾ ಕ್ಲಾರಾ ಕಣಿವೆಯ ನೀರಿನ ಮಂಡಳಿ ಮತ್ತು ರಾಜ್ಯದ ಕರಾವಳಿ ಸಂಸ್ಥೆ ಕೂಡಿ ಸುಮಾರು 4 ಮೈಲಿ ಉದ್ದದ ಹೊಸ ಏರಿಯನ್ನೂ, ಅದರ ಮುಂದೆ 2,900 ಎಕರೆ ಜೌಗು ನೆಲವನ್ನೂ ರೂಪಿಸುವ ಕೆಲಸ ಕೈಗೊಂಡಿವೆ. ಮುಂದೆ ಹುಲ್ಲು, ಹಿಂದೆ ಏರಿ, ಅದರ ಹಿಂದೆ ಊರು.

ಎಲ್ಲವೂ ಸುಸೂತ್ರವೆಂದು ಹೇಳಿದರೆ ಅದು ಸುಳ್ಳಾದೀತು. 2050ರವರೆಗಿನ ದಡ ರಕ್ಷಣೆಗೆ 11,000 ಕೋಟಿ ಡಾಲರ್ ಬೇಕೆಂದು ಇಲ್ಲಿನ ಪ್ರಾದೇಶಿಕ ಸಂಸ್ಥೆಗಳೇ 2023ರಲ್ಲಿ ಅಂದಾಜು ಮಾಡಿವೆ. ಸುಮ್ಮನೆ ಕೂತರೆ ಆಗುವ ನಷ್ಟ 23,000 ಕೋಟಿಗೂ ಹೆಚ್ಚು. ಇದರ ಮುಂದೆ ನಮ್ಮ 12 ಡಾಲರ್ ಬೊಗಸೆ ನೀರು.

ಜೊತೆಗಾರಿಕೆ ಕಾಗದದ ಮೇಲಷ್ಟೇ ಇದ್ದರೂ ಸಾಲದು. 2017ರ ಫೆಬ್ರವರಿ 21ರಂದು ಕಯೋಟಿ ಕ್ರೀಕ್ ಉಕ್ಕಿ ಸ್ಯಾನ್ ಹೋಸೆಯ ಸುಮಾರು 14,000 ಜನ ಮನೆ ಬಿಡಬೇಕಾಯಿತು. ಎಚ್ಚರಿಕೆ ಬಂದಾಗ ನೀರು ಬಾಗಿಲಿಗೆ ಬಂದಿತ್ತೆಂದು ಅನೇಕ ಕುಟುಂಬಗಳು ದೂರಿದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನಾವು ಆಫೀಸಿನಲ್ಲಿರುವಾಗ ಮನೆಯಲ್ಲಿ ಒಬ್ಬರೇ ಇರುವ, ಇಂಗ್ಲಿಷ್ ಸಂದೇಶ ಓದಲು ತಡವರಿಸುವ ನಮ್ಮ ತಂದೆ-ತಾಯಿಯರನ್ನು ಒಮ್ಮೆ ನೆನೆದುಕೊಳ್ಳೋಣ.

ಆದ್ದರಿಂದ ಈ ಮೇಜಿನಲ್ಲಿ ನಮಗೂ ಒಂದು ಕುರ್ಚಿ ಇರಬೇಕು. ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ಕೌಂಟಿಯ ತುರ್ತು ಎಚ್ಚರಿಕೆಗೆ ನಮ್ಮ ಫೋನ್ ನಂಬರನ್ನು ಇವತ್ತೇ ನೋಂದಾಯಿಸೋಣ. ಬಂದಿರುವ ಹಿರಿಯರಿಗೆ ಆ ಸಂದೇಶದ ಸದ್ದಿನ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಡೋಣ. ನಮ್ಮ ಊರು ದಡದ ಯೋಜನೆಗೆ ಸಭೆ ಕರೆದಾಗ ಪ್ರತಿ ಬಡಾವಣೆಯಿಂದ ಒಬ್ಬರಾದರೂ ಹೋಗಿ ಕೂರೋಣ. ಚಳಿಗಾಲದ ಮಳೆಯ ದಿನಗಳಲ್ಲಿ ಕೊಲ್ಲಿಯ ದಡದಲ್ಲಿ ಸಸಿ ನೆಡುವ ಕೆಲಸಕ್ಕೆ ಸ್ವಯಂಸೇವಕರು ಬೇಕಾಗುತ್ತಾರೆ. ಮಕ್ಕಳನ್ನು ಕರೆದುಕೊಂಡು ಒಂದು ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗೋಣ.

ನಮ್ಮ ಹಳ್ಳಿಗಳಲ್ಲಿ ಕೆರೆಯ ಹೂಳೆತ್ತುವಾಗ ಮನೆಗೊಂದು ಆಳು ಬರಬೇಕೆಂಬ ಕಟ್ಟಳೆ ಇತ್ತೆಂದು ಅಜ್ಜಂದಿರು ಹೇಳುತ್ತಿದ್ದರು. ಈ ಕೊಲ್ಲಿಯೂ ಈಗ ನಮ್ಮೂರ ಕೆರೆಯೇ. ಮುಂದಿನ ಬಾರಿ ಅಪ್ಪ-ಅಮ್ಮ ಬಂದಾಗ ಗೋಲ್ಡನ್ ಗೇಟ್ ತೋರಿಸಿದ ಮೇಲೆ ಆಲ್ವಿಸೋದ ಏರಿಯ ಮೇಲೂ ಒಂದು ಸಂಜೆ ನಡೆದಾಡಿಸೋಣ. ಕೆರೆ ಏರಿಯ ಮೇಲೆ ನಡೆದು ಬೆಳೆದವರು ಅವರು. ಅದು ಯಾಕೆ ಬೇಕೆಂದು ಅವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.