ಲಾರಿಯ ಪಕ್ಕ ಸೈಕಲ್: ನೀವು ಚಾಲಕನಿಗೆ ಕಾಣುತ್ತಿದ್ದೀರಾ?

ಹೈನುಗಾರ ತಾಯಂದಿರೇ, ಸಹೋದರಿಯರೇ,

ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ಹೋಗುವಾಗ ನೀವು ಮೊದಲು ದನಿ ಮಾಡುತ್ತೀರಿ. ಬಾಲದ ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ. ಲಾರಿ, ಬಸ್ಸುಗಳ ಚಾಲಕನಿಗೂ ಹೀಗೆ ಕಾಣದ ಜಾಗಗಳಿವೆ: ವಾಹನದ ತೀರ ಮುಂದೆ, ನೇರ ಹಿಂದೆ, ಎರಡೂ ಪಕ್ಕ. ಚಾಲಕ ಬಲಗಡೆ ಕೂರುವುದರಿಂದ ಎಡಗಡೆ ಕಾಣದ ಜಾಗ ಹೆಚ್ಚು. ನಾವು ಸೈಕಲ್ ಓಡಿಸುವುದೂ ಎಡಗಡೆಯಲ್ಲೇ.

ಭಟ್ಕಳ, ಹೊನ್ನಾವರ, ಕುಮಟಾ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿ, ಟ್ಯಾಂಕರುಗಳು ಹಗಲೂ ರಾತ್ರಿ ಓಡುತ್ತವೆ. ಸಂಘಕ್ಕೆ ಹಾಲು ಹಾಕಿ ಶಾಲೆಗೆ ಹೋಗುವ ಮಕ್ಕಳಿಗೆ ಇಷ್ಟು ಹೇಳಿಕೊಡಿ:

• ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ಕಾಣದಿದ್ದರೆ, ಅವನಿಗೆ ನೀವೂ ಕಾಣುವುದಿಲ್ಲ.

• ಎಡಕ್ಕೆ ತಿರುಗುವ ಲಾರಿಯ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬಾರದೆ ಒಳಕ್ಕೆ ಸರಿಯುತ್ತದೆ. ಎಡಗಡೆಯ ಸಂದಿಯಲ್ಲಿ ನುಗ್ಗಬೇಡಿ, ಹಿಂದೆಯೇ ನಿಲ್ಲಿ.

• ದೊಡ್ಡ ವಾಹನ ಹಾದುಹೋದ ಗಾಳಿಗೆ ಸೈಕಲ್ ಓಲಾಡುತ್ತದೆ. ಹಾಲಿನ ಕ್ಯಾನನ್ನು ಹ್ಯಾಂಡಲಿಗೆ ತೂಗುಹಾಕದೆ ಕ್ಯಾರಿಯರಿಗೆ ಬಿಗಿದು ಕಟ್ಟಿ.

• ಮಳೆಗಾಲದಲ್ಲಿ ಕೈಯಲ್ಲಿ ಕೊಡೆ ಬೇಡ, ರೇನ್‌ಕೋಟ್ ಹಾಕಿ. ಒದ್ದೆಯಾದ ಬ್ರೇಕ್ ತಡವಾಗಿ ಹಿಡಿಯುತ್ತದೆ.

• ಮುಂದೆ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಕೆಸರು ಮೆತ್ತಿದರೆ ಹೊಳೆಯುವುದಿಲ್ಲ, ದಿನಾ ಒರೆಸಿ.

• ಕ್ರಾಸ್ ದೂರವೆಂದು ವಾಹನಗಳಿಗೆ ಎದುರಾಗಿ ಓಡಿಸಬೇಡಿ. ಹೆದ್ದಾರಿಯನ್ನು ಇಳಿದು, ತಳ್ಳಿಕೊಂಡೇ ದಾಟಿ.

ಸಂಘದ ಹೊತ್ತು ಮೀರುತ್ತದೆಂದು ಮಕ್ಕಳಿಗೆ ಅವಸರ ಮಾಡಬೇಡಿ. ಹತ್ತು ನಿಮಿಷ ಮೊದಲೇ ಹಾಲು ಕರೆಯಿರಿ. ಬೆಳಗಿನ ಹಾಲು ಚೆಲ್ಲಿದರೆ ಸಂಜೆ ಮತ್ತೆ ಕರೆಯಬಹುದು. ಮಗು ಮನೆಗೆ ಬರಬೇಕು.

– ಪಶುವೈದ್ಯಾಧಿಕಾರಿ