ಸೈಕಲ್ ಪಂಕ್ಚರ್: ಹವ್ಯಾಸವೂ ಹೌದು, ಸಣ್ಣ ಉದ್ಯೋಗವೂ ಹೌದು



ಕೆಲವರಿಗೆ ಚಿತ್ರ ಬಿಡಿಸುವ ಹವ್ಯಾಸ, ಕೆಲವರಿಗೆ ಅಂಚೆ ಚೀಟಿ ಕೂಡಿಡುವ ಹವ್ಯಾಸ. ನನಗೆ ಸೈಕಲ್ ಬಿಚ್ಚಿ ಜೋಡಿಸುವ ಹವ್ಯಾಸ. "ಬಿಚ್ಚೋದು ಬಿಚ್ತೀಯ, ಜೋಡ್ಸೋರು ಯಾರು?" ಅಂತ ಅಮ್ಮ ಬೈತಿದ್ದರು. ನಮ್ಮ ಊರಿನಲ್ಲಿ ಸೈಕಲ್ ಅಂಗಡಿ ಇಲ್ಲ. ಹೊಲದ ಬೇಲಿಗೆಲ್ಲ ಜಾಲಿ ಮುಳ್ಳು ಹಾಕುವುದರಿಂದ ದಾರಿಯಲ್ಲಿ ಮುಳ್ಳು ಬಿದ್ದಿರುತ್ತದೆ. ಪಂಕ್ಚರ್ ಆದರೆ 4 ಕಿಲೋಮೀಟರ್ ತಳ್ಳಿಕೊಂಡು ಹೋಗಿ 30 ರೂಪಾಯಿ ಕೊಡಬೇಕು. ಅದಕ್ಕೇ ಬೇಸಿಗೆ ರಜೆಯಲ್ಲಿ ಅಪ್ಪನ ಹತ್ತಿರ ಪಂಕ್ಚರ್ ಹಾಕುವುದನ್ನು ಕಲಿತು, ಒಂದು ತಿಂಗಳು ನಮ್ಮ ಮನೆ ಜಗುಲಿ ಮುಂದೆ 15 ರೂಪಾಯಿಗೆ ಹಾಕಿಕೊಟ್ಟೆ. ಅದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬೇಕಾಗುವ ಸಾಮಾನುಗಳು: ಪಂಪು, ಟೈರ್ ಎಬ್ಬಿಸುವ ಎರಡು ಪಟ್ಟಿ, ರೆಂಚು, ಉಪ್ಪು ಕಾಗದ, ಸಲ್ಯೂಷನ್, ಕತ್ತರಿ, ಹಳೇ ಟ್ಯೂಬಿನ ತುಂಡುಗಳು, ಒಂದು ಬೋಗುಣಿ ನೀರು, ಹಳೇ ಬಟ್ಟೆ.

ಮಾಡುವ ವಿಧಾನ:

1. ಮೊದಲು ವಾಲ್ ನೋಡಬೇಕು. ಗಾಳಿ ತುಂಬಿ ವಾಲ್ ಬಾಯಿಗೆ ಒಂದು ಹನಿ ನೀರು ಬಿಡಿ. ಗುಳ್ಳೆ ಬಂದರೆ ಗಾಳಿ ಹೋಗುತ್ತಿರುವುದು ಅಲ್ಲಿಂದ. ನಮ್ಮ ಊರಿನ ಕಪ್ಪು ಸೈಕಲ್ಲುಗಳ ವಾಲ್ ಒಳಗೆ ಒಂದು ಸಣ್ಣ ರಬ್ಬರ್ ನಳಿಗೆ ಇರುತ್ತದೆ. ಅದು ಹಳೇದಾದರೆ ಸೀಳುತ್ತದೆ. ಅದನ್ನು ಬದಲಾಯಿಸಿದರೆ ಸಾಕು, ಟೈರ್ ಬಿಚ್ಚುವುದೇ ಬೇಡ.

2. ವಾಲ್ ಸರಿ ಇದ್ದರೆ ಟೈರನ್ನು ಪಟ್ಟಿಯಿಂದ ಎಬ್ಬಿಸಿ ಟ್ಯೂಬ್ ಹೊರಗೆ ತೆಗೆಯಿರಿ. ಸ್ಕ್ರೂ ಡ್ರೈವರ್ ಹಾಕಬಾರದು, ಟ್ಯೂಬಿಗೆ ಇನ್ನೊಂದು ತೂತು ಬೀಳುತ್ತದೆ. ನನಗೆ ಬಿದ್ದಿದೆ!

3. ಟ್ಯೂಬಿಗೆ ಗಾಳಿ ಹಾಕಿ ನೀರಿನಲ್ಲಿ ಮುಳುಗಿಸಿದರೆ ತೂತಿನಿಂದ ಗುಳ್ಳೆ ಬರುತ್ತದೆ. ಅಲ್ಲಿ ಗುರುತು ಹಾಕಿ, ಗಾಳಿ ಬಿಟ್ಟು ಚೆನ್ನಾಗಿ ಒರೆಸಿ.

4. ಉಪ್ಪು ಕಾಗದದಿಂದ ತೂತಿನ ಸುತ್ತ ತಿಕ್ಕಿ. ತುಂಡಿನ ಒಂದು ಕಡೆಯನ್ನೂ ತಿಕ್ಕಿ. ನುಣುಪಾದ ಜಾಗದಲ್ಲಿ ಸಲ್ಯೂಷನ್ ಸರಿಯಾಗಿ ಹಿಡಿಯುವುದಿಲ್ಲ.

5. ಎರಡಕ್ಕೂ ತೆಳ್ಳಗೆ ಸಲ್ಯೂಷನ್ ಹಚ್ಚಿ ಕಾಯಬೇಕು. ಮುಟ್ಟಿದರೆ ಒದ್ದೆ ಅನ್ನಿಸಬಾರದು, ಅಂಟು ಅಂಟು ಅನ್ನಿಸಬೇಕು. ಆಮೇಲೆ ತುಂಡು ಇಟ್ಟು ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಬೇಕು.

6. ಟ್ಯೂಬ್ ಹಾಕುವ ಮೊದಲು ಟೈರ್ ಒಳಗೆ ಬಟ್ಟೆ ಸವರಿ ನೋಡಿ. ಮುಳ್ಳು ಅಲ್ಲೇ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬೆರಳು ಹಾಕಿದರೆ ಬೆರಳಿಗೂ ಪಂಕ್ಚರ್ ಆಗುತ್ತದೆ.

ಎಚ್ಚರಿಕೆ: ಸಲ್ಯೂಷನ್ ಬೇಗ ಬೆಂಕಿ ಹತ್ತುವ ವಸ್ತು. ಒಲೆ, ದೀಪದ ಹತ್ತಿರ ಇಡಬಾರದು. ಅದರ ವಾಸನೆ ಒಳ್ಳೇದಲ್ಲ, ಅದಕ್ಕೆ ಮನೆ ಹೊರಗೆ ಗಾಳಿಯಲ್ಲೇ ಕೂತು ಹಚ್ಚಬೇಕು.

ಇದರಲ್ಲಿ 5ನೇದು ಬಹಳ ಮುಖ್ಯ. ಅದು ನನಗೆ ಹೇಗೆ ಗೊತ್ತಾಯ್ತು ಅಂದರೆ, ನಮ್ಮ ಬೀದಿಯ ಒಬ್ಬ ಮಾಮ ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಡೈರಿಗೆ ಹಾಲು ಹಾಕುತ್ತಾರೆ. ಒಂದು ಸಂಜೆ ಅವರ ಸೈಕಲ್ಲಿಗೆ ಪಂಕ್ಚರ್ ಹಾಕಿದೆ. ಆಡೋಕೆ ಹೋಗುವ ಅವಸರ ಇತ್ತು. ಸಲ್ಯೂಷನ್ ಒಣಗುವ ಮುಂಚೆಯೇ ತುಂಡು ಒತ್ತಿಬಿಟ್ಟೆ. ಮಾರನೇ ದಿನ ಅರ್ಧ ದಾರಿಯಲ್ಲಿ ಅದು ಬಿಟ್ಟುಕೊಂಡಿತು. ಅವರು ಕ್ಯಾನ್ ಸಮೇತ ತಳ್ಳಿಕೊಂಡು ಹೋಗುವಷ್ಟರಲ್ಲಿ ಡೈರಿ ಬಾಗಿಲು ಹಾಕಿತ್ತು. 6 ಲೀಟರ್ ಹಾಲು ವಾಪಸ್ ಬಂತು. ಅವರು ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ನಾನು ಅವರ 15 ರೂಪಾಯಿ ವಾಪಸ್ ಕೊಟ್ಟು, ಹೊಸದಾಗಿ ಪಂಕ್ಚರ್ ಹಾಕಿಕೊಟ್ಟೆ. ಆದರೆ ಹಾಲಿನ ದುಡ್ಡು ನಾನು ಕೊಡೋಕಾಗಲಿಲ್ಲ.

ಯಾಕೆ ಹೀಗಾಯ್ತು ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಸಲ್ಯೂಷನ್ ಅಂದರೆ ಬೇಗ ಆರಿಹೋಗುವ ಒಂದು ದ್ರವದಲ್ಲಿ ಕರಗಿಸಿದ ರಬ್ಬರ್. ದ್ರವ ಆರಿಹೋದ ಮೇಲೆ ರಬ್ಬರ್ ಉಳಿಯುತ್ತದೆ, ರಬ್ಬರಿಗೆ ರಬ್ಬರ್ ಹಿಡಿಯುತ್ತದೆ. ಒದ್ದೆ ಇರುವಾಗ ಒತ್ತಿದರೆ ದ್ರವ ಒಳಗೇ ಸಿಕ್ಕಿಕೊಂಡು ತುಂಡು ಸಡಿಲ ಆಗುತ್ತದೆ ಅಂತ ಹೇಳಿದರು. ಕಾಯುವುದೂ ಕೆಲಸವೇ ಅಂತ ಆವಾಗ ಗೊತ್ತಾಯ್ತು.

ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. ಗಾಳಿ ಟೈರನ್ನು ಬಳಕೆಗೆ ತಂದ ಜಾನ್ ಡನ್‌ಲಪ್ ಪಶು ವೈದ್ಯರಾಗಿದ್ದರು. ಬೆಲ್‌ಫಾಸ್ಟ್ ಊರಿನಲ್ಲಿ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗೆ ಮಾಡಿದ್ದ ಆ ಟೈರಿಗೆ 1888ರಲ್ಲಿ ಪೇಟೆಂಟ್ ಪಡೆದರು. ವಿಮಾನ ಕಂಡುಹಿಡಿದ ರೈಟ್ ಸಹೋದರರು ಅಮೆರಿಕದ ಡೇಟನ್ ಊರಿನಲ್ಲಿ 1892ರಲ್ಲಿ ಸೈಕಲ್ ಅಂಗಡಿ ತೆರೆದರು. ಮೊದಲು ಮಾರಾಟ, ರಿಪೇರಿ. 1896ರಿಂದ ತಾವೇ ಸೈಕಲ್ ತಯಾರಿಸಿದರು. ವಿಮಾನದ ಪ್ರಯೋಗಗಳಿಗೆ ಖರ್ಚು ಮಾಡಿದ್ದು ಆ ಅಂಗಡಿಯ ದುಡ್ಡನ್ನೇ. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ 12 ಸೆಕೆಂಡು ಹಾರಿತು. ಅದರ ರೆಕ್ಕೆ ಹಿಂದಿನ ಫ್ಯಾನುಗಳನ್ನು ತಿರುಗಿಸಿದ್ದು ಸೈಕಲ್ಲಿನ ಹಾಗೆ ಚೈನು!

ಈಗ ನನ್ನ ಲೆಕ್ಕ ನೋಡಿ.

ಪಂಕ್ಚರ್ 14, ತಲಾ 15 ರೂಪಾಯಿ: 210
ವಾಲ್ ನಳಿಗೆ 4, ತಲಾ 5 ರೂಪಾಯಿ: 20
ಒಟ್ಟು: 230 ರೂಪಾಯಿ

ಸಲ್ಯೂಷನ್ 2: 40
ಉಪ್ಪು ಕಾಗದ: 10
ವಾಲ್ ನಳಿಗೆ ಕೊಂಡದ್ದು: 10
ಪಂಪಿನ ವಾಷರ್: 25
ವಾಪಸ್ ಕೊಟ್ಟದ್ದು: 15
ಸಾಲ, 3 ಜನರಿಂದ: 45
ಒಟ್ಟು: 145 ರೂಪಾಯಿ

ಕೈಯಲ್ಲಿ ಉಳಿದದ್ದು 85 ರೂಪಾಯಿ. ನಾನು 230 ಅಂತ ಕುಣೀತಿದ್ದೆ! ಒಂದು ಪಂಕ್ಚರಿಗೆ ಅರ್ಧ ಗಂಟೆ ಅಂದರೂ 14ಕ್ಕೆ 7 ಗಂಟೆ ಕೂತಿದ್ದೇನೆ. ಆಮೇಲೆ ಅಪ್ಪ, "ಪಂಪು, ರೆಂಚು ನನ್ನವು. ನೀನೇ ಕೊಂಡಿದ್ರೆ?" ಅಂದರು. ಪಂಪಿಗೇ 400 ರೂಪಾಯಿ ಆಗಿತ್ತಂತೆ. ತಿಂಗಳಿಗೆ 85 ಉಳಿದರೆ ಆ ಅಸಲು ಬರೋಕೆ ಸುಮಾರು 5 ತಿಂಗಳು ಬೇಕು. ಅಂದರೆ ನಮ್ಮಂಥ ಸಣ್ಣ ಊರಿನಲ್ಲಿ ಬರೀ ಪಂಕ್ಚರ್ ನಂಬಿ ಸಂಸಾರ ನಡೆಸೋಕೆ ಆಗಲ್ಲ. ಬ್ರೇಕು, ಚೈನು, ಬೇರಿಂಗು ರಿಪೇರಿಯನ್ನೂ ಕಲಿಯಬೇಕು. ಅದನ್ನು ಈಗ ಕಲಿಯುತ್ತಿದ್ದೇನೆ. ಆದರೆ ಶಾಲೆ ಇರುವ ದಿನ ಮುಟ್ಟುವುದಿಲ್ಲ, ಭಾನುವಾರ ಮಾತ್ರ.

ನಿಮ್ಮ ಹವ್ಯಾಸದಿಂದಲೂ ಸಣ್ಣ ಉದ್ಯೋಗ ಮಾಡಬಹುದಾ ಅಂತ ತಿಳಿಯಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ಯಾರಿಗೆ ಬೇಕು? ಅವರು ಈಗ ಇದಕ್ಕೆ ಎಲ್ಲಿಗೆ ಹೋಗುತ್ತಾರೆ? ಸಾಮಾನಿಗೆ ಎಷ್ಟು ಖರ್ಚು? ಕೆಟ್ಟರೆ ನಾನು ಸರಿ ಮಾಡಿಕೊಡಬಲ್ಲೆನಾ? ನನ್ನ ಅಕ್ಕ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಅವಳಿಗೆ ಈ ಪ್ರಶ್ನೆ ಕೇಳಿದೆ. ಬೇಕಾದವರು ಊರಲ್ಲೇ ಇದ್ದಾರೆ, ಕಟ್ಟಿಸೋಕೆ ಪೇಟೆಗೆ ಹೋಗ್ತಾರೆ, ದಾರ ಸೂಜಿ ಸಾಕು, ಕೆಟ್ಟರೆ ಬಿಚ್ಚಿ ಮತ್ತೆ ಕಟ್ಟಬಹುದು ಅಂದಳು. ನನ್ನ ಪಂಕ್ಚರಿಗಿಂತ ಅವಳದೇ ಒಳ್ಳೇ ಉದ್ಯೋಗ ಅಂತ ಕಾಣುತ್ತದೆ.

ಹಾಲಿನ ಮಾಮ ಹೋದ ವಾರ ಮತ್ತೆ ನನ್ನ ಹತ್ತಿರವೇ ಸೈಕಲ್ ತಂದರು. ಸಲ್ಯೂಷನ್ ಹಚ್ಚಿ ನಾನು ಸುಮ್ಮನೆ ಕೂತಿದ್ದೆ. "ಯಾಕೋ ಕೂತೆ?" ಅಂದರು. "ಒಣಗಲಿ ಮಾಮ" ಅಂದೆ. ಅವರು ನಕ್ಕು ಪಕ್ಕದಲ್ಲೇ ಕೂತರು.

ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಇದೆ. ನನ್ನ ಕೈಯಂತೂ ಕಪ್ಪಾಗಿದೆ. ಸಾಲದ 45 ರೂಪಾಯಿ ಇನ್ನೂ ಬಂದಿಲ್ಲ. ಕೊಡಬೇಕಾದವರಲ್ಲಿ ಇಬ್ಬರು ನಮ್ಮ ಶಾಲೆಯವರೇ. ಅವರೂ ಈ ಗೋಡೆ ಪತ್ರಿಕೆ ಓದುತ್ತಾರೆ ಅಂತ ನಂಬಿದ್ದೇನೆ.